ಗ್ರ್ಯಾಂಡ್ ಗಲ್ಚಿಗೆ ಇಳಿಯುವ ಮುಂಚೆ

ಪುಟ್ಟಿ,

ಸೆಪ್ಟೆಂಬರಿನಲ್ಲಿ ಗೆಳತಿಯರ ಜೊತೆ ಯೂಟಾದ ಸೀಡರ್ ಮೆಸಾಕ್ಕೆ ಹೊರಟಿದ್ದೀಯಂತೆ. ಕೇನ್ ಗಲ್ಚಿನಲ್ಲಿ ಇಳಿದು, ಗ್ರ್ಯಾಂಡ್ ಗಲ್ಚಿನಲ್ಲಿ ನಡೆದು, ಬುಲೆಟ್ ಕ್ಯಾನ್ಯನ್ನಿನಲ್ಲಿ ಹತ್ತಿ ಬರುವುದು. ಸುಮಾರು 37 ಕಿಲೋಮೀಟರು, ಮೂರು ದಿನ. ಡೇರೆ, ಒಲೆ, ಬೂಟು ಎಲ್ಲದಕ್ಕೂ ಪಟ್ಟಿ ಮಾಡಿದ್ದಾಳೆ, ಓದುವುದಕ್ಕೆ ಏನಾದರೂ ಇದ್ದರೆ ಹೇಳು ಅಂತ ನಿಮ್ಮಪ್ಪ ಫೋನು ಮಾಡಿದ್ದ. ಆಲ್ಬುಕರ್ಕಿಯಲ್ಲಿ ಇಪ್ಪತ್ತು ವರ್ಷ ಇದ್ದು ಬಂದವನಲ್ಲವೇ ನಾನು, ಕೇಳಿದ್ದೇ ತಡ, ಅಟ್ಟದ ಮೇಲಿನ ಟ್ರಂಕು ಇಳಿಸಿದೆ.

ಮೊದಲು ನೀರಿನ ಮಾತು. ಕ್ರೇಗ್ ಚೈಲ್ಡ್ಸ್ ಎಂಬಾತ 2000ನೇ ಇಸವಿಯಲ್ಲಿ ಬರೆದ ‘ದಿ ಸೀಕ್ರೆಟ್ ನಾಲೆಜ್ ಆಫ್ ವಾಟರ್’ ಓದು. ಮರುಭೂಮಿಯಲ್ಲಿ ನೀರು ಎಲ್ಲಿ ಅಡಗಿರುತ್ತದೆ ಅನ್ನುವುದರಿಂದ ಶುರುವಾಗಿ, ಅದೇ ನೀರು ಹುಚ್ಚೆದ್ದು ಬರುವುದರ ತನಕ ಹೋಗುತ್ತದೆ ಪುಸ್ತಕ. ಬಂಡೆಯ ಗುಳಿಗಳಲ್ಲಿ ಮಳೆನೀರು ನಿಲ್ಲುವ ಜಾಗಗಳನ್ನು ಅವನು ಮರುಭೂಮಿಯಲ್ಲಿ ಅಲೆದು ಎಣಿಸಿದ್ದಾನೆ. ನಮಗೆ ಅದು ಹೊಸದೇನಲ್ಲ, ದೊಣೆ ಅಷ್ಟೇ. ದುರ್ಗದ ಕೋಟೆಯಲ್ಲಿ ತಣ್ಣೀರು ದೊಣೆ ನೋಡಿ ಬೆಳೆದವಳು ನೀನು. ಆದರೆ ಅಲ್ಲಿನ ದೊಣೆ ಇವತ್ತಿದ್ದದ್ದು ಮುಂದಿನ ವಾರ ಇರುವುದಿಲ್ಲ. ಅದಕ್ಕೇ ಒಬ್ಬೊಬ್ಬರಿಗೆ ದಿನಕ್ಕೆ ನಾಲ್ಕು ಲೀಟರು ಲೆಕ್ಕ ಹಾಕಿಕೊಂಡು, ಇಳಿಯುವ ದಿನ ರೇಂಜರ್ ಕಚೇರಿಯಲ್ಲಿ ಯಾವ ಊಟೆಯಲ್ಲಿ ನೀರಿದೆ ಅಂತ ವಿಚಾರಿಸು. ಪ್ರವಾಹದ ಅಧ್ಯಾಯಗಳನ್ನು ಹಾರಿಸಬೇಡ. ಅಲ್ಲಿ ಜುಲೈಯಿಂದ ಸೆಪ್ಟೆಂಬರಿನವರೆಗೆ ಗುಡುಗು ಮಳೆಯ ಕಾಲ. 1997ರ ಆಗಸ್ಟಿನಲ್ಲಿ ಅರಿಜೋನಾದ ಲೋವರ್ ಆಂಟಲೋಪ್ ಕ್ಯಾನ್ಯನ್ನಿನಲ್ಲಿ 11 ಜನ ಕೊಚ್ಚಿಹೋದರು; ಮಳೆ ಸುರಿದದ್ದು ಅವರ ತಲೆಯ ಮೇಲಲ್ಲ, ಮೈಲುಗಟ್ಟಲೆ ಆಚೆ.

ಇನ್ನು ಆ ಕಮರಿಗಳಲ್ಲಿ ಹಿಂದಿನವರು ಬಿಟ್ಟುಹೋದ ಹಾಳುಮನೆಗಳು. ಇಲ್ಲಿ ನಿಧಾನವಾಗಿ ಕೇಳು, ಯಾಕೆಂದರೆ ನಾನು ತಪ್ಪಿದ್ದು ಇಲ್ಲೇ.

ಮೊದಲ ಸಲ ಇಳಿದಾಗ ನನ್ನ ಚೀಲದಲ್ಲಿ ನಕ್ಷೆ ಇತ್ತು, ಪುಸ್ತಕ ಒಂದೂ ಓದಿರಲಿಲ್ಲ. ಬಂಡೆಯ ಪೊಟರೆಯೊಂದರಲ್ಲಿ ಕಲ್ಲು ಮಣ್ಣಿನ ಗೋಡೆ, ಗಿಲಾವಿನ ಮೇಲೆ ಕಟ್ಟಿದವರ ಬೆರಳ ಗುರುತು, ಕೆಳಗೆ ಗೇಣುದ್ದವೂ ಇಲ್ಲದ ಮೆಕ್ಕೆಜೋಳದ ಬೆಂಡುಗಳು. ಸುತ್ತ ಮಡಕೆಯ ಚೂರುಗಳು, ನೀವು ಕುಂಟೆಬಿಲ್ಲೆ ಆಡುವಾಗ ಎಸೆಯುತ್ತಿದ್ದ ಬೋಕಿಯ ಹಾಗೆ. ಒಂದನ್ನೂ ಜೇಬಿಗೆ ಹಾಕಿಕೊಳ್ಳಲಿಲ್ಲ, ಅಷ್ಟು ಬುದ್ಧಿ ಇತ್ತು. ಆದರೆ ಚೆಂದದವನ್ನೆಲ್ಲ ಆಯ್ದು ಒಂದು ಚಪ್ಪಟೆ ಕಲ್ಲಿನ ಮೇಲೆ ಸಾಲಾಗಿ ಜೋಡಿಸಿಟ್ಟೆ, ಮುಂದೆ ಬರುವವರು ನೋಡಲಿ ಅಂತ. ದೊಡ್ಡ ಉಪಕಾರ ಮಾಡಿದ ಹಾಗೆ ಹತ್ತಿ ಬಂದೆ. ಅಂಥ ಕಲ್ಲಿಗೆ ಅಲ್ಲಿ ‘ಮ್ಯೂಸಿಯಂ ರಾಕ್’ ಅನ್ನುತ್ತಾರೆ, ಅದು ಬೈಗುಳ ಅಂತ ಆಮೇಲೆ ಓದಿ ತಿಳಿಯಿತು. ಚೂರು ಬಿದ್ದ ಜಾಗವೇ ಅದರ ಅರ್ಧ ಮಾತು: ಇಲ್ಲಿ ಅಡುಗೆ ಮಾಡಿದರೋ, ತಿಪ್ಪೆ ಸುರಿದರೋ, ಯಾವ ಮಡಕೆ ಯಾವುದರ ಜೊತೆ ಇತ್ತೋ. ಒಂದು ಮಧ್ಯಾಹ್ನದಲ್ಲಿ ಅದನ್ನೆಲ್ಲ ಕಲಸಿಟ್ಟು ಬಂದಿದ್ದೆ.

ಅದಕ್ಕೇ ಡೇವಿಡ್ ರಾಬರ್ಟ್ಸ್‌ನ ‘ಇನ್ ಸರ್ಚ್ ಆಫ್ ದಿ ಓಲ್ಡ್ ಒನ್ಸ್’ (1996) ಮೊದಲು ಓದಬೇಕಿತ್ತು ಅನ್ನಿಸುವುದು. ಅವನು ಮೂಲತಃ ಪರ್ವತಾರೋಹಿ, ಓದಿಸಿಕೊಂಡು ಹೋಗುತ್ತಾನೆ. ಎಲ್ಲಿತ್ತೋ ಅಲ್ಲೇ ಬಿಟ್ಟು ಬರುವುದರ ಕಷ್ಟ ಅವನಿಗೆ ಗೊತ್ತು. ಆದರೆ ಅವನ ಪುಸ್ತಕದ ಸುಳಿವು ಹಿಡಿದೇ ಜನ ಜಾಗಗಳನ್ನು ಹುಡುಕಿಕೊಂಡು ಹೋದರು. ನೀನು ತೆಗೆದ ಫೋಟೋ ಹಾಕುವಾಗ ಜಾಗದ ಗುರುತು ಹಾಕಬೇಡ.

ಕಾದಂಬರಿ ಓದುವವಳು ನೀನು, ವಿಲ್ಲಾ ಕ್ಯಾದರ್‌ಳ ‘ದಿ ಪ್ರೊಫೆಸರ್ಸ್ ಹೌಸ್’ (1925) ಬಿಡಬೇಡ. ನಡುವಿನ ಭಾಗದಲ್ಲಿ ಟಾಮ್ ಔಟ್‌ಲ್ಯಾಂಡ್ ಎಂಬ ಹುಡುಗ ಬಂಡೆಯೊಳಗಿನ ಊರೊಂದನ್ನು ಕಾಣುತ್ತಾನೆ. ಅದನ್ನು ಕಾಪಾಡಿ ಅಂತ ವಾಷಿಂಗ್ಟನ್ನಿನಲ್ಲಿ ಬಾಗಿಲು ಬಾಗಿಲು ತಟ್ಟುತ್ತಾನೆ. ಅಷ್ಟರಲ್ಲಿ ಇತ್ತ ಜೊತೆಗಾರ ಅಲ್ಲಿನ ಸಾಮಾನನ್ನೆಲ್ಲ ಪರದೇಶದವನಿಗೆ ಮಾರಿಬಿಟ್ಟಿರುತ್ತಾನೆ. ಕಟ್ಟುಕತೆ ಅನ್ನಬೇಡ. ಮೆಸಾ ವರ್ಡೆಯಲ್ಲಿ ಕ್ಲಿಫ್ ಪ್ಯಾಲೇಸ್ ಎಂಬ ಅಂಥದೇ ಬಂಡೆಯೊಳಗಿನ ಊರನ್ನು ರಿಚರ್ಡ್ ವೆದರಿಲ್ ಎಂಬ ದನಗಾಹಿ 1888ರ ಡಿಸೆಂಬರಿನಲ್ಲಿ ಕಂಡ. ಮೂರು ವರ್ಷದ ಮೇಲೆ ಗುಸ್ತಾಫ್ ನೋರ್ಡೆನ್‌ಶಿಯೊಲ್ಡ್ ಎಂಬ ಸ್ವೀಡಿಷ್ ತರುಣ ಬಂದು, ಅಗೆದು, ಪೆಟ್ಟಿಗೆಗಳಲ್ಲಿ ತುಂಬಿ ಸಾಗಿಸಿದ. ತಡೆಯುವುದಕ್ಕೆ ಆಗ ಕಾನೂನೇ ಇರಲಿಲ್ಲ. ಅದು ಬಂದದ್ದು 1906ರಲ್ಲಿ. ಆ ಪೆಟ್ಟಿಗೆಗಳು ಕೊನೆಗೆ ಫಿನ್‌ಲ್ಯಾಂಡಿನ ಮ್ಯೂಸಿಯಂ ಸೇರಿದವು. ಅವುಗಳ ಜೊತೆ ಹೋಗಿದ್ದ ಮನುಷ್ಯರ ಅಸ್ಥಿಗಳು ಸ್ವಂತ ಜನರ ಕೈಸೇರಿ ಮಣ್ಣಾದದ್ದು 2020ರಲ್ಲಿ.

ಸ್ವಂತ ಜನ ಅಂದೆ, ನೋಡು. ‘ಇದ್ದಕ್ಕಿದ್ದಂತೆ ಮಾಯವಾದ ಜನಾಂಗ’ ಅಂತ ಬರೆದಿರುವ ಪುಸ್ತಕ ಕೈಗೆ ಸಿಕ್ಕರೆ ಅಲ್ಲೇ ಮುಚ್ಚಿಡು. ಯಾರೂ ಮಾಯವಾಗಲಿಲ್ಲ. ಮರದ ಉಂಗುರಗಳ ಲೆಕ್ಕದಲ್ಲಿ 1276ರಿಂದ 1299ರವರೆಗೆ ಘೋರ ಬರಗಾಲ. ಅದೊಂದೇ ಕಾರಣವೂ ಅಲ್ಲ. ಒಲೆ ಆರಿಸಿ ದಕ್ಷಿಣಕ್ಕೆ, ಪೂರ್ವಕ್ಕೆ ನಡೆದರು. ಅವರ ಮೊಮ್ಮಕ್ಕಳ ಮೊಮ್ಮಕ್ಕಳೇ ಇವತ್ತಿನ ಹೋಪಿ, ಜುನಿ, ಅಕೋಮಾ, ಲಗೂನಾ ಊರುಗಳವರು. ಹಳೆಯ ಪುಸ್ತಕಗಳ ‘ಅನಸಾಜಿ’ ಎಂಬ ಹೆಸರು ನವಾಹೊ ಭಾಷೆಯದು, ಇವರು ತಾವಾಗಿ ಇಟ್ಟುಕೊಂಡದ್ದಲ್ಲ. ಚೈಲ್ಡ್ಸ್‌ನದೇ ‘ಹೌಸ್ ಆಫ್ ರೇನ್’ (2007) ಈ ವಲಸೆಯ ಜಾಡು ಹಿಡಿದು ನಡೆದ ಪುಸ್ತಕ. ಅದನ್ನು ಓದಿದ ಮೇಲೆ ಲಗೂನಾದ ಲೆಸ್ಲಿ ಮಾರ್ಮನ್ ಸಿಲ್ಕೊ ಬರೆದ ‘ಸೆರೆಮನಿ’ (1977) ಓದು. ಅದರಲ್ಲಿ ಹಾಳುಮನೆಗಳ ಪ್ರವಾಸ ಇಲ್ಲ; ಯುದ್ಧದಿಂದ ಮನಸ್ಸು ಕೆಟ್ಟು ಬಂದ ಒಬ್ಬ ಹುಡುಗ, ಮಳೆ ಬಾರದ ನೆಲ. ಈ ಟ್ರಂಕಿನಲ್ಲಿ ಒಂದೇ ಒಂದು ಪುಸ್ತಕ ಓದುತ್ತೇನೆ ಅಂದರೆ ಇದನ್ನೇ ಕೊಡುತ್ತೇನೆ. ಮಿಕ್ಕವರೆಲ್ಲ ನನ್ನ ನಿನ್ನ ಹಾಗೆ ಹೊರಗಿನಿಂದ ಬಂದು ಇಣುಕಿದವರು.

ಎಡ್ವರ್ಡ್ ಆ್ಯಬಿಯ ‘ಡೆಸರ್ಟ್ ಸಾಲಿಟೇರ್’ (1968) ಎಲ್ಲರೂ ಹೇಳುತ್ತಾರೆ. ಬೆಂಕಿಯಂಥ ಗದ್ಯ, ಒಪ್ಪಿದೆ. ವಾಪಸು ಬಂದ ಮೇಲೆ ಓದು. ಮೊದಲೇ ಓದಿದರೆ ಮರುಭೂಮಿ ಖಾಲಿ ಬಿದ್ದಿದೆ, ನನ್ನೊಬ್ಬಳಿಗಾಗಿಯೇ ಇದೆ ಅನ್ನುವ ಅಮಲು ಹತ್ತುತ್ತದೆ. ಆ ಅಮಲಿನಲ್ಲೇ ಜನ ಎಲ್ಲಿಗೆ ಹೋಗುತ್ತೇವೆ ಅಂತ ಯಾರಿಗೂ ಹೇಳದೆ ಹೊರಡುವುದು. ಯೂಟಾದಲ್ಲಿ ಏರನ್ ರಾಲ್ಸ್‌ಟನ್ 2003ರಲ್ಲಿ ಹಾಗೆ ಹೋಗಿ, ಬಂಡೆಯಡಿ ಸಿಕ್ಕಿದ ಕೈಯನ್ನು ತಾನೇ ಕತ್ತರಿಸಿಕೊಂಡು ಬದುಕಿದ. ನೀನು ನಿಮ್ಮಪ್ಪನಿಗೆ ದಾರಿಯ ನಕ್ಷೆ, ಹಿಂದಿರುಗುವ ತಾರೀಖು ಎರಡನ್ನೂ ಬರೆದು ಕಳಿಸು.

ಜೊತೆಗೆ ಒಯ್ಯುವುದಾದರೆ ಒಂದೇ ಪುಸ್ತಕ: ಆ್ಯನ್ ಜ್ವಿಂಗರ್ ಅವರ ‘ವಿಂಡ್ ಇನ್ ದಿ ರಾಕ್’ (1978). ನೀನು ನಡೆಯುವ ಆ ಕಮರಿಗಳದೇ ಪುಸ್ತಕ, ಚಿತ್ರಗಳನ್ನೂ ಆಕೆಯೇ ಬರೆದಿದ್ದಾರೆ. ಸಂಜೆ ಡೇರೆಯಲ್ಲಿ ಎರಡು ಪುಟ ಓದಿದರೆ ಬೆಳಿಗ್ಗೆ ಕಾಲು ತಾನಾಗಿಯೇ ಎಚ್ಚರದಲ್ಲಿರುತ್ತದೆ. ಮರಳ ಮೇಲೆ ಕಪ್ಪಗೆ ಬುರುಗು ಕಟ್ಟಿದಂಥ ಹೆಪ್ಪು ಕಂಡರೆ ಸುತ್ತಿಕೊಂಡು ಹೋಗು, ಅದಕ್ಕೆ ಜೀವವಿದೆ. ಒಂದು ಹೆಜ್ಜೆ ಬಿದ್ದರೆ ಮಾಯುವುದಕ್ಕೆ ಹತ್ತಾರು ವರ್ಷ ಬೇಕು.

ಎಲ್ಲವನ್ನೂ ನಿಮ್ಮಮ್ಮನ ಕೈಲಿ ಕಳಿಸುತ್ತಿದ್ದೇನೆ. ಜ್ವಿಂಗರ್ ಪುಸ್ತಕದೊಳಗೆ ನನ್ನ ಹಳೆಯ ನಕ್ಷೆಯೂ ಇದೆ. ನಾನು ಚೂರು ಜೋಡಿಸಿದ ಆ ಪೊಟರೆಗೆ ಅದರಲ್ಲಿ ಪೆನ್ಸಿಲಿನಿಂದ ಸುತ್ತು ಹಾಕಿದ್ದೆ. ನಿನ್ನೆ ರಾತ್ರಿ ಅಳಿಸಿದೆ. ಕಾಗದ ಅಲ್ಲಿ ಸ್ವಲ್ಪ ಸವೆದಿದೆ, ಬೆಳಕಿಗೆ ಹಿಡಿದು ನೋಡುವುದಕ್ಕೆ ಹೋಗಬೇಡ.

ನಿನ್ನ ದೊಡ್ಡಪ್ಪ