ಚೈನ್‌ಸಾ ಕಾರ್ಬುರೇಟರ್: ದೋಷ ಪತ್ತೆ, ದುರಸ್ತಿ ಮತ್ತು ಗ್ರಾಮ ಪಂಚಾಯಿತಿಯ ಹೊಣೆ

ಅಥಣಿ ತಾಲೂಕಿನ ಅನಂತಪುರ ಭಾಗದಲ್ಲಿ ಮುಂಗಾರು ಪೂರ್ವದ ಗಾಳಿಮಳೆಗೆ ಬೇವು, ಜಾಲಿ ಮರಗಳು ರಸ್ತೆಗೆ ಅಡ್ಡಲಾಗಿ ಉರುಳುವುದುಂಟು. 2019ರ ಆಗಸ್ಟ್‌ನಲ್ಲಿ ಕೃಷ್ಣಾ ಹಾಗೂ ಅದರ ಉಪನದಿಗಳ ಮಹಾಪೂರವು ಅಥಣಿ, ಕಾಗವಾಡ, ರಾಯಬಾಗ, ಚಿಕ್ಕೋಡಿ, ನಿಪ್ಪಾಣಿ ತಾಲೂಕುಗಳ ಹಲವು ಗ್ರಾಮಗಳ ಸಂಪರ್ಕವನ್ನು ಕಡಿದಾಗ, ಹೊರಗಿನ ನೆರವು ತಲುಪುವವರೆಗೆ ಊರಿನಲ್ಲಿರುವ ಸಾಧನಗಳೇ ಆಧಾರವೆಂಬುದು ಸ್ಪಷ್ಟವಾಯಿತು. ಮರ ಕೊಯ್ಯುವ ಯಂತ್ರ, ಅಂದರೆ ಚೈನ್‌ಸಾ, ಅಂತಹ ಸಾಧನಗಳಲ್ಲಿ ಒಂದು. ವರ್ಷದ ಬಹುಕಾಲ ಕೋಣೆಯಲ್ಲಿರುವ ಈ ಯಂತ್ರವು ಬೇಕಾದ ರಾತ್ರಿ ಚಾಲೂ ಆಗದಿದ್ದರೆ, ರೋಗಿಯನ್ನು ಕರೆದೊಯ್ಯುವ ವಾಹನವೂ ಮರದ ಆಚೆಗೇ ನಿಲ್ಲುತ್ತದೆ.

ಯಂತ್ರವನ್ನು ಬಿಚ್ಚುವುದು ಮೆಕ್ಯಾನಿಕ್‌ನ ಕೆಲಸ. ವೆಚ್ಚಕ್ಕೆ ಒಪ್ಪಿಗೆ ನೀಡುವುದು ಸಭೆಯ ಕೆಲಸ. ದೋಷದ ಸ್ವರೂಪ ತಿಳಿದಿದ್ದರೆ, ಕಿಟ್‌ನಿಂದ ಸರಿಹೋಗುವ ಯಂತ್ರಕ್ಕೆ ಬದಲಾಗಿ ಹೊಸ ಯಂತ್ರ ಕೊಳ್ಳುವ ಪ್ರಸಂಗ ಬಾರದು.

1. ರಚನೆ ಮತ್ತು ದೋಷದ ಮೂಲ

ಹಳೆಯ ದ್ವಿಚಕ್ರ ವಾಹನಗಳ ಕಾರ್ಬುರೇಟರ್‌ನಲ್ಲಿ ಪೆಟ್ರೋಲ್ ನಿಲ್ಲುವ ಪುಟ್ಟ ಬಟ್ಟಲಿರುತ್ತದೆ. ಚೈನ್‌ಸಾವನ್ನು ಓರೆಯಾಗಿಯೂ ಹಿಡಿಯಬೇಕಾಗುವುದರಿಂದ ಅದರಲ್ಲಿ ಬಟ್ಟಲಿಲ್ಲ. ಎರಡು ತೆಳು ಪರೆಗಳಿವೆ. ಇವನ್ನು ಡಯಾಫ್ರಾಮ್ ಎನ್ನುತ್ತಾರೆ. ಒಂದು ಪರೆ ಎಂಜಿನ್‌ನ ಒತ್ತಡದ ಏರಿಳಿತದಿಂದ ಮಿಡಿದು ಟ್ಯಾಂಕಿನಿಂದ ಇಂಧನವನ್ನು ಎಳೆಯುತ್ತದೆ. ಇನ್ನೊಂದು ಪರೆ ಸಣ್ಣ ಸನ್ನೆಯ ಮೂಲಕ ಸೂಜಿಯನ್ನು ಸರಿಸಿ, ಬೇಕಾದಷ್ಟೇ ಇಂಧನವನ್ನು ಒಳಗೆ ಬಿಡುತ್ತದೆ.

ಟ್ಯಾಂಕಿನಲ್ಲಿ ತಿಂಗಳುಗಟ್ಟಲೆ ನಿಂತ ಪೆಟ್ರೋಲ್ ಆವಿಯಾಗಿ ಅಂಟು ಉಳಿಸುತ್ತದೆ. ಆ ಅಂಟಿನಿಂದ ಸೂಜಿ ಸಿಕ್ಕಿಕೊಳ್ಳುತ್ತದೆ, ಜಾಲರಿ ಕಟ್ಟಿಕೊಳ್ಳುತ್ತದೆ, ಪರೆ ಬಿರುಸಾಗುತ್ತದೆ. ಈಗಿನ ಪೆಟ್ರೋಲ್‌ನಲ್ಲಿ ಶೇ. 20ರವರೆಗೆ ಎಥೆನಾಲ್ ಇರುತ್ತದೆ. ಕಬ್ಬು ಬೆಳೆಯುವ ನಮ್ಮ ಭಾಗಕ್ಕೆ ಇದರಿಂದ ಲಾಭವಿದೆಯಾದರೂ, ಎಥೆನಾಲ್ ಗಾಳಿಯ ತೇವವನ್ನು ಹೀರುತ್ತದೆ. ತೇವ ಮಿತಿಮೀರಿದಾಗ ನೀರಿನ ಅಂಶ ಬೇರ್ಪಟ್ಟು ಟ್ಯಾಂಕಿನ ತಳ ಸೇರುತ್ತದೆ. ಆದುದರಿಂದ ನಿಂತ ಇಂಧನವೇ ಮೊದಲ ಅನುಮಾನಕ್ಕೆ ಪಾತ್ರ.

2. ದೋಷ ಪತ್ತೆಯ ಕ್ರಮ

ಕಾರ್ಬುರೇಟರ್ ಬಿಚ್ಚುವುದು ಕೊನೆಯ ಹೆಜ್ಜೆ. ಅದಕ್ಕೂ ಮುನ್ನ:

ಅ) ಹಳೆಯ ಇಂಧನ ತೆಗೆದು, ಹೊಸ ಮಿಶ್ರಣ ತುಂಬುವುದು.
ಆ) ಏರ್ ಫಿಲ್ಟರ್, ಟ್ಯಾಂಕಿನೊಳಗಿನ ಫಿಲ್ಟರ್, ಇಂಧನದ ಪೈಪ್ ಮತ್ತು ಟ್ಯಾಂಕಿಗೆ ಗಾಳಿ ಹೋಗುವ ರಂಧ್ರವನ್ನು ಪರೀಕ್ಷಿಸುವುದು.
ಇ) ಚೋಕ್ ಹಾಕಿ ಕೆಲವು ಬಾರಿ ಹಗ್ಗ ಎಳೆದ ನಂತರ ಸ್ಪಾರ್ಕ್ ಪ್ಲಗ್ ತೆಗೆದು ನೋಡುವುದು.

ಪ್ಲಗ್ ಒಣಗಿದ್ದರೆ ಇಂಧನ ಎಂಜಿನ್‌ಗೆ ತಲುಪುತ್ತಿಲ್ಲ. ಒದ್ದೆಯಾಗಿದ್ದರೆ ಕಿಡಿಯ ಕೊರತೆ ಇರಬಹುದು, ಇಲ್ಲವೇ ಸೂಜಿ ಸರಿಯಾಗಿ ಮುಚ್ಚದೆ ಇಂಧನ ತುಂಬಿ ಹರಿಯುತ್ತಿರಬಹುದು. ಚಾಲೂ ಆದ ಯಂತ್ರ ವೇಗ ಕೊಟ್ಟೊಡನೆ ನಿಂತರೆ, ಬಿರುಸಾದ ಪರೆ ಅಥವಾ ಕಟ್ಟಿದ ಜಾಲರಿ ಕಾರಣವಾಗಿರುವ ಸಂಭವ ಹೆಚ್ಚು.

3. ದುರಸ್ತಿಯ ಹಂತಗಳು

ಕೆಲಸವು ಗಾಳಿಯಾಡುವ ಸ್ಥಳದಲ್ಲಿ, ಬೀಡಿ ಮತ್ತು ಬೆಂಕಿಯಿಂದ ದೂರವಿರಲಿ. ಪ್ಲಗ್‌ನ ವೈರ್ ತೆಗೆದಿರಲಿ. ಮೊದಲು ಹೊರಮೈಯ ಧೂಳು ತೆಗೆಯಬೇಕು. ‘ಎಲ್’ ಮತ್ತು ‘ಎಚ್’ ಸ್ಕ್ರೂಗಳನ್ನು ಒಳಕ್ಕೆ ಮೃದುವಾಗಿ ತಿರುಗಿಸಿ, ಅವು ತಳ ಮುಟ್ಟಲು ಎಷ್ಟು ಸುತ್ತು ಬೇಕಾಯಿತೆಂದು ಬರೆದಿಟ್ಟುಕೊಂಡ ನಂತರ ಹೊರತೆಗೆಯಬೇಕು. ಬಿಚ್ಚುವ ಪ್ರತಿ ಹಂತದ ಫೋಟೋ ಇರಬೇಕು. ಏಕೆಂದರೆ ಎರಡು ಬದಿಗಳಲ್ಲಿ ಪರೆ ಮತ್ತು ಗ್ಯಾಸ್ಕೆಟ್ ಜೋಡಿಸುವ ಕ್ರಮ ಸಾಮಾನ್ಯವಾಗಿ ಒಂದೇ ಆಗಿರುವುದಿಲ್ಲ.

ರಬ್ಬರ್ ಮತ್ತು ಪರೆಗಳನ್ನು ತೆಗೆದ ಬಳಿಕವೇ ಲೋಹದ ಭಾಗಕ್ಕೆ ಕ್ಲೀನರ್ ಸ್ಪ್ರೇ ಹೊಡೆಯಬೇಕು. ಸೂಕ್ಷ್ಮ ರಂಧ್ರಗಳಿಗೆ ತಂತಿ ತೂರಿಸಿದರೆ ಅಳತೆ ಕೆಟ್ಟು, ಕಾರ್ಬುರೇಟರ್ ನಿರುಪಯುಕ್ತವಾಗುತ್ತದೆ. ನಂತರ ಕಿಟ್‌ನಲ್ಲಿರುವ ಹೊಸ ಪರೆ, ಗ್ಯಾಸ್ಕೆಟ್, ಸೂಜಿ, ಜಾಲರಿ ಹಾಕಬೇಕು. ಕಾರ್ಬುರೇಟರ್ ಮೇಲಿನ ಮಾದರಿ ಸಂಖ್ಯೆಗೆ ಕಿಟ್ ಹೊಂದಬೇಕು. ಸನ್ನೆಯ ಎತ್ತರ ಕೈಪಿಡಿಯಂತಿರಬೇಕು: ಹೆಚ್ಚಾದರೆ ಇಂಧನ ತುಂಬಿ ಹರಿಯುತ್ತದೆ, ಕಡಿಮೆಯಾದರೆ ಸಾಲದಾಗುತ್ತದೆ.

‘ಎಲ್’ ನಿಧಾನ ವೇಗದ ಇಂಧನವನ್ನು, ‘ಎಚ್’ ಪೂರ್ಣ ವೇಗದ ಇಂಧನವನ್ನು ನಿಯಂತ್ರಿಸುತ್ತದೆ. ಶಬ್ದ ಜೋರಾಗಲೆಂದು ‘ಎಚ್’ ಅನ್ನು ಅತಿಯಾಗಿ ಬಿಗಿದರೆ ಇಂಧನ ಮತ್ತು ಎಣ್ಣೆ ಕಡಿಮೆಯಾಗಿ ಪಿಸ್ಟನ್ ಜಾಮ್ ಆಗುತ್ತದೆ. ಆಕ್ಸಿಲರೇಟರ್ ಬಿಟ್ಟಾಗಲೂ ಚೈನ್ ತಿರುಗುತ್ತಿದ್ದರೆ ಅಂತಹ ಯಂತ್ರವನ್ನು ಬಳಸಲೇಬಾರದು. ಅದು ಕೈಕಾಲು ಕತ್ತರಿಸುವ ಅಪಾಯ. ಈ ಸ್ಕ್ರೂಗಳಿಲ್ಲದ ಎಲೆಕ್ಟ್ರಾನಿಕ್ ನಿಯಂತ್ರಣದ ಯಂತ್ರಗಳನ್ನು ಅಧಿಕೃತ ಸರ್ವಿಸ್ ಕೇಂದ್ರಕ್ಕೇ ಕಳುಹಿಸಬೇಕು.

4. ಸಭೆಯಲ್ಲಿ ಕೇಳಬೇಕಾದ ಪ್ರಶ್ನೆಗಳು

ದುರಸ್ತಿ ಅಥವಾ ಖರೀದಿಯ ಪ್ರಸ್ತಾವ ಬಂದಾಗ: ಇಂಧನ ಬದಲಿಸಿ ನೋಡಲಾಗಿದೆಯೇ? ಪ್ಲಗ್ ಒಣಗಿತ್ತೇ, ಒದ್ದೆಯಿತ್ತೇ? ಕಿಟ್‌ನಿಂದ ಸರಿಹೋಗದೆಂದು ಹೇಳಲು ಆಧಾರವೇನು? ಕಳಚಿದ ಹಳೆಯ ಬಿಡಿಭಾಗ ಎಲ್ಲಿದೆ? ಉತ್ತರಗಳು ದಾಸ್ತಾನು ವಹಿಯಲ್ಲಿ ದಾಖಲಾಗಲಿ.

5. ಮುನ್ನೆಚ್ಚರಿಕೆ

ಕೈಪಿಡಿಯಲ್ಲಿ 50:1 ಎಂದಿದ್ದರೆ 1 ಲೀಟರ್ ಪೆಟ್ರೋಲ್‌ಗೆ 20 ಮಿ.ಲೀ., 25:1 ಎಂದಿದ್ದರೆ 40 ಮಿ.ಲೀ. ಟು-ಸ್ಟ್ರೋಕ್ ಎಣ್ಣೆ ಬೆರೆಸಬೇಕು. ಕ್ಯಾನಿನ ಮೇಲೆ ಬೆರೆಸಿದ ದಿನಾಂಕ ಬರೆದು, 30 ದಿನಗಳೊಳಗೆ ಬಳಸುವುದು ಕ್ಷೇಮ. ಕೆಲಸ ಮುಗಿಸಿ ದೀರ್ಘಕಾಲ ಇಡುವಾಗ ಟ್ಯಾಂಕ್ ಖಾಲಿ ಮಾಡಿ, ಯಂತ್ರ ತಾನಾಗಿ ನಿಲ್ಲುವವರೆಗೆ ನಿಧಾನ ವೇಗದಲ್ಲಿ ಓಡಿಸಬೇಕು. ಈ ಒಂದು ರೂಢಿಯೇ ಬಹುಪಾಲು ದುರಸ್ತಿಗಳನ್ನು ತಪ್ಪಿಸುತ್ತದೆ.

ತಂತಿಯ ಮೇಲೆ ಬಿದ್ದ ಮರವನ್ನು ಹೆಸ್ಕಾಂ ಸಿಬ್ಬಂದಿ ವಿದ್ಯುತ್ ಕಡಿತ ಖಚಿತಪಡಿಸಿದ ನಂತರವೇ ಮುಟ್ಟಬೇಕು. ನಿಂತ ಮರ ಕಡಿಯುವುದಕ್ಕೆ ಕರ್ನಾಟಕ ವೃಕ್ಷ ಸಂರಕ್ಷಣಾ ಅಧಿನಿಯಮ, 1976 ಅನ್ವಯಿಸುತ್ತದೆ. ಪ್ರತಿ ವರ್ಷ ಏಪ್ರಿಲ್ ತಿಂಗಳ ಸಭೆಗೆ ಮುನ್ನ, ತರಬೇತಿ ಪಡೆದ ಸಿಬ್ಬಂದಿಯಿಂದ ಸದಸ್ಯರ ಸಮಕ್ಷಮ ಯಂತ್ರವನ್ನು ಒಮ್ಮೆ ಚಾಲೂ ಮಾಡಿಸಿ ನೋಡುವುದು ಉಚಿತ.