ಜಾಗವಿದ್ದರೂ ಹಿಡಿಸದ ಕಡತ

ಕಾರವಾರ ತಾಲ್ಲೂಕಿನಲ್ಲಿ, ಕಾಳಿ ನದಿಗೆ ಉತ್ತರದಲ್ಲಿ, ಗೋವೆಯ ಗಡಿಗೆ ಹೊಂದಿಕೊಂಡಿರುವ ಊರು ಮಾಜಾಳಿ. ಅಲ್ಲಿಯ ವಿದ್ಯಾರ್ಥಿಯೊಬ್ಬನು ತನ್ನ ಅಕ್ಕನ ಮದುವೆಯ ವಿಡಿಯೋವನ್ನು ಗಡಿಯಾಚೆಯ ಕಾಣಕೋಣದಲ್ಲಿರುವ ಸೋದರಮಾವನಿಗೆ ಕಳುಹಿಸಲೆಂದು 32 ಗಿಗಾಬೈಟ್‌ಗಳ ಪೆನ್‌ಡ್ರೈವ್ ಒಂದನ್ನು ಕೊಂಡನೆಂದು ಭಾವಿಸೋಣ. ವಿಡಿಯೋದ ಗಾತ್ರ 5 ಗಿಗಾಬೈಟ್. ಪೆನ್‌ಡ್ರೈವ್ ಪೂರ್ತಿ ಖಾಲಿ. ಆದರೂ ಗಣಕಯಂತ್ರವು, ಕಡತ ತೀರ ದೊಡ್ಡದು, ಇದರಲ್ಲಿ ಹಿಡಿಸದು ಎಂದು ನಕಲು ಮಾಡಲು ನಿರಾಕರಿಸುತ್ತದೆ. ಹುಡುಗನು ಅಂಗಡಿಗೆ ಹೋಗಿ ದೂರುತ್ತಾನೆ. ಅಂಗಡಿಯವನು ಅದರಲ್ಲಿ ನಾಲ್ಕು ಹಾಡುಗಳನ್ನು ತುಂಬಿ, ನುಡಿಸಿ ತೋರಿಸಿ, ಸರಕು ಸರಿಯಾಗಿಯೇ ಇದೆಯೆಂದು ಹಿಂದಿರುಗಿಸುತ್ತಾನೆ.

ಬಳಿಕ ಸ್ನೇಹಿತನೊಬ್ಬನು ತನ್ನ ಲಿನಕ್ಸ್ ಗಣಕದಲ್ಲಿ ಆ ಪೆನ್‌ಡ್ರೈವನ್ನು ಹೊಸದಾಗಿ ಸಿದ್ಧಗೊಳಿಸಿಕೊಡುತ್ತಾನೆ. ಈಗ ವಿಡಿಯೋ ಸುಲಭವಾಗಿ ಹಿಡಿಸುತ್ತದೆ. ಆದರೆ ಮಾವನ ಮನೆಯ ವಿಂಡೋಸ್ ಗಣಕವು ಅದನ್ನು ಓದಲಾರದೆ, ಡಿಸ್ಕನ್ನು ಬಳಸುವ ಮೊದಲು ಫಾರ್ಮ್ಯಾಟ್ ಮಾಡಬೇಕು, ಮಾಡಲೇ ಎಂದು ಕೇಳುತ್ತದೆ. ಮಾವನು ‘ಹೂಂ’ ಎಂದು ಗುಂಡಿಯೊತ್ತಿದರೆ ಮದುವೆಯ ವಿಡಿಯೋ ಹೋದಂತೆಯೇ.

ಇಲ್ಲಿ ತಪ್ಪು ಯಾರದು? ಪೆನ್‌ಡ್ರೈವ್ ಕೆಟ್ಟಿಲ್ಲ, ಗಣಕಗಳೆರಡೂ ಸರಿಯಾಗಿವೆ, ಕಡತವೂ ಸರಿಯಾಗಿದೆ. ಹಾಗಿದ್ದರೂ ಕೆಲಸ ಕೆಟ್ಟಿತು. ಇದರ ಕಾರಣವನ್ನು ತಿಳಿಯಬೇಕಾದರೆ ‘ಕಡತ ವ್ಯವಸ್ಥೆ’ ಎಂಬುದರ ಪರಿಚಯ ನಮಗಾಗಬೇಕು.

ಕಡತ ವ್ಯವಸ್ಥೆ ಎಂದರೇನು?

ಡಿಸ್ಕಿನ ಮೇಲಾಗಲಿ ಪೆನ್‌ಡ್ರೈವಿನ ಒಳಗಾಗಲಿ ‘ಕಡತ’ ಎಂಬ ವಸ್ತು ಯಾವುದೂ ಇಲ್ಲ. ಅಲ್ಲಿರುವುದು ಸೊನ್ನೆ ಮತ್ತು ಒಂದುಗಳ ಸಾಲು ಮಾತ್ರ. ಈ ಸಾಲನ್ನು ಸಾಮಾನ್ಯವಾಗಿ 512 ಬೈಟ್‌ಗಳ ಸಮಖಂಡಗಳಾಗಿ ವಿಭಾಗಿಸಿ, ಒಂದೊಂದು ಖಂಡಕ್ಕೂ ಕ್ರಮಸಂಖ್ಯೆಯನ್ನು ಕೊಟ್ಟಿರುತ್ತಾರೆ. ನಮ್ಮ ಮದುವೆಯ ವಿಡಿಯೋ ಇಂಥ ಸುಮಾರು ಒಂದು ಕೋಟಿ ಖಂಡಗಳಲ್ಲಿ ಹರಡಿರುತ್ತದೆ. ಯಾವ ಖಂಡಗಳು ಯಾವ ಕಡತಕ್ಕೆ ಸೇರಿದವು, ಅವುಗಳ ಕ್ರಮ ಯಾವುದು, ಕಡತದ ಹೆಸರೇನು, ಉದ್ದವೆಷ್ಟು, ಯಾವ ಖಂಡಗಳು ಖಾಲಿ ಇವೆ ಎಂಬುದನ್ನೆಲ್ಲ ಅದೇ ಡಿಸ್ಕಿನ ಗೊತ್ತಾದ ಸ್ಥಳಗಳಲ್ಲಿ ಬರೆದಿಡಬೇಕು. ಹೀಗೆ ಬರೆದಿಡುವ ಕ್ರಮಕ್ಕೇ ಕಡತ ವ್ಯವಸ್ಥೆ ಎಂದು ಹೆಸರು. ಕಡತಗಳೆಂಬ ಪುಸ್ತಕಗಳಿಗೆ ಇದು ಗ್ರಂಥಾಲಯದ ಸೂಚಿಯಿದ್ದಂತೆ.

ಸೂಚಿಯನ್ನು ಹೀಗೆಯೇ ಬರೆಯಬೇಕೆಂಬ ಪ್ರಕೃತಿನಿಯಮ ಯಾವುದೂ ಇಲ್ಲ. ಅದು ಮನುಷ್ಯರು ಮಾಡಿಕೊಂಡ ಒಪ್ಪಂದ. ಬೇರೆ ಬೇರೆ ಸಂಸ್ಥೆಗಳು ಬೇರೆ ಬೇರೆ ಕಾಲದಲ್ಲಿ ಬೇರೆ ಬೇರೆ ಒಪ್ಪಂದಗಳನ್ನು ಮಾಡಿಕೊಂಡವು. ಮೈಕ್ರೋಸಾಫ್ಟ್ ಸಂಸ್ಥೆಯಿಂದ ಫ್ಯಾಟ್ ಎಂಬುದು 1977ರಲ್ಲಿಯೂ ಎನ್‌ಟಿಎಫ್‌ಎಸ್ ಎಂಬುದು 1993ರಲ್ಲಿಯೂ ಎಕ್ಸ್‌ಫ್ಯಾಟ್ ಎಂಬುದು 2006ರಲ್ಲಿಯೂ ಬಂದವು. ಲಿನಕ್ಸ್ ಗಣಕಗಳಲ್ಲಿ ಇಎಕ್ಸ್‌ಟಿ4 ಎಂಬುದು 2008ರಿಂದ ರೂಢಿಗೆ ಬಂತು. ಆಪಲ್ ಸಂಸ್ಥೆಯ ಮ್ಯಾಕ್ ಗಣಕಗಳಲ್ಲಿ 1998ರಿಂದ ಎಚ್‌ಎಫ್‌ಎಸ್ ಪ್ಲಸ್, 2017ರಿಂದ ಎಪಿಎಫ್‌ಎಸ್ ನಡೆದುಬಂದಿವೆ.

ಮಾಜಾಳಿಯ ಓದುಗರಿಗೆ ಇದು ಬೇಗನೆ ಅರ್ಥವಾದೀತು. ಅಲ್ಲಿ ಮನೆಮನೆಯಲ್ಲಿ ಕೇಳಿಬರುವ ಕೊಂಕಣಿಯನ್ನು ಕರ್ನಾಟಕದಲ್ಲಿ ಬಹುಮಟ್ಟಿಗೆ ಕನ್ನಡ ಲಿಪಿಯಲ್ಲಿ ಬರೆಯುತ್ತಾರೆ. ಗಡಿ ದಾಟಿದರೆ ಗೋವೆಯ ಶಾಲೆಗಳಲ್ಲಿ ದೇವನಾಗರಿಯಲ್ಲಿ ಬರೆಯುತ್ತಾರೆ. ಕನ್ನಡ ಲಿಪಿಯ ಪತ್ರವನ್ನು ದೇವನಾಗರಿ ಮಾತ್ರ ಬಲ್ಲ ಬಂಧುವಿಗೆ ಕಳುಹಿಸಿದರೆ ಅವನಿಗೆ ಒಂದಕ್ಷರವೂ ತಿಳಿಯದು. ಪತ್ರ ಹರಿದಿಲ್ಲ, ಮಸಿ ಅಳಿಸಿಲ್ಲ. ಓದಿ ಹೇಳುವವರಿದ್ದರೆ ಅದು ಅವನದೇ ಮಾತು. ಅಂಥ ಪತ್ರವನ್ನು ಯಾರೂ ಹಾಳಾದ ಕಾಗದವೆಂದು ಒಲೆಗೆ ಹಾಕುವುದಿಲ್ಲ. ಆದರೆ ತನಗೆ ತಿಳಿಯದ ಸೂಚಿಯನ್ನು ಕಂಡಾಗ ಗಣಕಯಂತ್ರ ಕೊಡುವ ಸಲಹೆ ಹೆಚ್ಚುಕಡಿಮೆ ಅದೇ: ಹಳೆಯದನ್ನು ತೆಗೆದು ಹೊಸ ಸೂಚಿಯನ್ನು ಬರೆಯಲೇ ಎಂದು ಅದು ಕೇಳುತ್ತದೆ. ಫಾರ್ಮ್ಯಾಟ್ ಎಂಬುದರ ಅರ್ಥವೇ ಇದು.

ಉದ್ದವನ್ನು ಬರೆಯುವ ಜಾಗ

ಇನ್ನು ಮೊದಲನೆಯ ತೊಂದರೆಯನ್ನು ನೋಡೋಣ. ಅಂಗಡಿಯಿಂದ ತಂದಾಗ ಪೆನ್‌ಡ್ರೈವಿನಲ್ಲಿದ್ದುದು ಫ್ಯಾಟ್ 32 ಎಂಬ ವ್ಯವಸ್ಥೆ. ಇದು ವಿಂಡೋಸ್ 95ರ ತಿದ್ದಿದ ಆವೃತ್ತಿಯೊಡನೆ 1996ರಲ್ಲಿ ಬಂದದ್ದು. ಇದರ ಸೂಚಿಯಲ್ಲಿ ಕಡತದ ಉದ್ದವನ್ನು ಬರೆಯಲು ಬಿಟ್ಟಿರುವ ಜಾಗ 32 ಬಿಟ್‌ಗಳು. ಒಂದು ಬಿಟ್‌ನಲ್ಲಿ 0 ಅಥವಾ 1 ಎಂಬ ಎರಡೇ ಆಯ್ಕೆಗಳಿರುವುದರಿಂದ 32 ಬಿಟ್‌ಗಳಲ್ಲಿ ಬರೆಯಬಹುದಾದ ಬೇರೆ ಬೇರೆ ಸಂಖ್ಯೆಗಳು ಎರಡರ 32ನೆಯ ಘಾತದಷ್ಟು, ಎಂದರೆ 4,29,49,67,296. ಸೊನ್ನೆಯಿಂದ ಎಣಿಸುವುದರಿಂದ ಅತ್ಯಂತ ದೊಡ್ಡ ಸಂಖ್ಯೆ 4,29,49,67,295. ಇದಕ್ಕಿಂತ ಒಂದು ಬೈಟ್ ಹೆಚ್ಚಾದರೂ ಆ ಕಡತದ ಉದ್ದವನ್ನು ಬರೆಯುವುದು ಅಸಾಧ್ಯ. ಮೂರು ಮನೆಗಳಿರುವ ಲೆಕ್ಕದ ಕಾಗದದಲ್ಲಿ 999ರ ಮುಂದಿನ ಸಂಖ್ಯೆಯನ್ನು ಬರೆಯಲಾಗದಂತೆಯೇ ಇದು. ಉಗ್ರಾಣ ಖಾಲಿಯಿದ್ದರೂ ದಾಖಲೆಪುಸ್ತಕದ ಅಂಕಣ ಸಾಲದು.

1996ರಲ್ಲಿ ಮನೆಬಳಕೆಯ ಗಣಕಗಳ ಡಿಸ್ಕುಗಳೇ ಒಂದೆರಡು ಗಿಗಾಬೈಟ್‌ಗಳಷ್ಟಿದ್ದವು. ಆಗ ಒಂದೇ ಕಡತಕ್ಕೆ ನಾಲ್ಕು ಗಿಗಾಬೈಟ್‌ಗಳ ಮಿತಿ ಬಹು ಉದಾರವಾಗಿ ತೋರಿರಬೇಕು. ಈಗಿನ ಸ್ಥಿತಿ ಬೇರೆ. ಕ್ಷಣಕ್ಕೆ 2 ಕೋಟಿ ಬಿಟ್‌ಗಳಂತೆ ಮುದ್ರಿಸಿಕೊಳ್ಳುವ ಕ್ಯಾಮೆರಾ ಇದ್ದರೆ ಈ ಮಿತಿಯನ್ನು ಮುಟ್ಟಲು ಸುಮಾರು 1,718 ಕ್ಷಣಗಳು, ಎಂದರೆ ಅರ್ಧ ಗಂಟೆಗೂ ಕಡಿಮೆ ಕಾಲ ಸಾಕು. ಕೆಲವು ಕ್ಯಾಮೆರಾಗಳು ಒಂದೇ ಸಮಾರಂಭವನ್ನು ಹಲವು ಕಡತಗಳಾಗಿ ತುಂಡರಿಸಿ ಕೊಡುವುದರ ರಹಸ್ಯ ಇದೇ.

ಹೆಸರಿನ ತಕರಾರು

ಕಡತದ ಉದ್ದದ ವಿಷಯದಲ್ಲಿ ಮಾತ್ರವಲ್ಲ, ಹೆಸರಿನ ವಿಷಯದಲ್ಲಿಯೂ ವ್ಯವಸ್ಥೆಗಳಿಗೆ ಒಮ್ಮತವಿಲ್ಲ. ಇಂಗ್ಲಿಷ್ ಲಿಪಿಯಲ್ಲಿ ದೊಡ್ಡಕ್ಷರ ಸಣ್ಣಕ್ಷರಗಳೆಂಬ ಭೇದವಿದೆಯಷ್ಟೆ. ಇಎಕ್ಸ್‌ಟಿ4 ವ್ಯವಸ್ಥೆಯು ಸಾಮಾನ್ಯವಾಗಿ ಈ ಭೇದವನ್ನು ಗಣಿಸುತ್ತದೆ. ವಿಂಡೋಸ್ ಸಾಮಾನ್ಯವಾಗಿ ಗಣಿಸುವುದಿಲ್ಲ. ಮ್ಯಾಕ್ ಗಣಕಗಳಲ್ಲಿ ಎರಡು ಬಗೆಯ ಡಿಸ್ಕನ್ನೂ ಸಿದ್ಧಗೊಳಿಸಬಹುದು. ಭೇದವನ್ನು ಗಣಿಸುವ ಬಗೆಯನ್ನು ಆರಿಸಿಕೊಂಡಿದ್ದವರು ಅಡೋಬಿ ಸಂಸ್ಥೆಯ ಚಿತ್ರಸಂಪಾದನೆಯ ತಂತ್ರಾಂಶಗಳನ್ನು ಹಣ ಕೊಟ್ಟು ಕೊಂಡರೂ, ಆ ತಂತ್ರಾಂಶಗಳು ಅಂಥ ಡಿಸ್ಕಿನ ಮೇಲೆ ಸ್ಥಾಪನೆಗೊಳ್ಳಲು ನಿರಾಕರಿಸುತ್ತಿದ್ದವು. ಡಿಸ್ಕನ್ನೆಲ್ಲ ಬರಿದುಮಾಡಿ ಹೊಸದಾಗಿ ಸಿದ್ಧಗೊಳಿಸುವುದೊಂದೇ ಹಲವರಿಗೆ ಉಳಿದ ದಾರಿಯಾಗಿತ್ತು. ಗ್ರಾಹಕರು ರೇಗಿದ್ದರಲ್ಲಿ ಆಶ್ಚರ್ಯವಿಲ್ಲ.

ಕನ್ನಡದಲ್ಲಿ ದೊಡ್ಡಕ್ಷರ ಸಣ್ಣಕ್ಷರಗಳಿಲ್ಲವಾದುದರಿಂದ ನಾವು ಪಾರಾದೆವೆನ್ನುವಂತಿಲ್ಲ. ನಮಗೆ ಬೇರೆ ಎರಡು ತೊಡಕುಗಳುಂಟು.

ಮೊದಲನೆಯದು ಹೆಸರಿನ ಉದ್ದ. ‘ಮಾಜಾಳಿ’ ಎಂಬ ಹೆಸರಿನಲ್ಲಿ ನಮಗೆ ಕಾಣುವುದು ಮೂರು ಅಕ್ಷರಗಳು. ಯುನಿಕೋಡ್ ಪದ್ಧತಿಯಲ್ಲಿ ಮೂರು ವ್ಯಂಜನಗಳಿಗೂ ಮೂರು ಸ್ವರಚಿಹ್ನೆಗಳಿಗೂ ಪ್ರತ್ಯೇಕ ಸಂಕೇತಗಳಿರುವುದರಿಂದ ಒಟ್ಟು ಆರು ಸಂಕೇತಗಳಾಗುತ್ತವೆ. ಯುಟಿಎಫ್-8 ಎಂಬ ಬರೆಯುವ ಕ್ರಮದಲ್ಲಿ ಒಂದೊಂದು ಕನ್ನಡ ಸಂಕೇತಕ್ಕೆ ಮೂರು ಬೈಟ್‌ಗಳು ಬೇಕು. ಎಂದರೆ ಮಾಜಾಳಿಗೆ 18 ಬೈಟ್‌ಗಳು. ಅದೇ ಹೆಸರನ್ನು ಇಂಗ್ಲಿಷ್ ಲಿಪಿಯ ಆರು ಅಕ್ಷರಗಳಲ್ಲಿ ಬರೆದರೆ 6 ಬೈಟ್‌ಗಳು ಸಾಕು. ಇಎಕ್ಸ್‌ಟಿ4ರಲ್ಲಿ ಹೆಸರಿನ ಮಿತಿ 255 ಬೈಟ್‌ಗಳಾದುದರಿಂದ ಕನ್ನಡಕ್ಕೆ ದೊರೆಯುವುದು 85 ಸಂಕೇತಗಳು ಮಾತ್ರ. ಎನ್‌ಟಿಎಫ್‌ಎಸ್‌ನಲ್ಲಿ ಎಣಿಕೆಯ ಕ್ರಮವೇ ಬೇರೆಯಾಗಿದ್ದು, 255 ಕನ್ನಡ ಸಂಕೇತಗಳಿಗೆ ಅವಕಾಶವಿದೆ. ಆದ್ದರಿಂದ ವಿಂಡೋಸ್‌ನಲ್ಲಿ ನೂರು ಸಂಕೇತಗಳ ಕನ್ನಡ ಹೆಸರನ್ನಿಟ್ಟ ಕಡತವು ಲಿನಕ್ಸ್ ಡಿಸ್ಕಿಗೆ ಆ ಹೆಸರಿನಿಂದ ಹೋಗಲಾರದು.

ಎರಡನೆಯದು ಇನ್ನೂ ಸೂಕ್ಷ್ಮವಾದುದು. ‘ಕೋಟೆ’ ಎಂಬಲ್ಲಿಯ ಓಕಾರದ ಚಿಹ್ನೆಯನ್ನು ಯುನಿಕೋಡ್‌ನಲ್ಲಿ ಒಂದೇ ಸಂಕೇತವಾಗಿ ಬರೆಯಬಹುದು. ಎತ್ವ, ಕೊಂಬಿನ ದೀರ್ಘ ಮತ್ತು ದೀರ್ಘಚಿಹ್ನೆ ಎಂಬ ಮೂರು ಸಂಕೇತಗಳಾಗಿ ಬಿಡಿಸಿಯೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ. ಹಳೆಯ ಎಚ್‌ಎಫ್‌ಎಸ್ ಪ್ಲಸ್ ವ್ಯವಸ್ಥೆಯು ಹೆಸರುಗಳನ್ನು ಬಿಡಿಸಿದ ರೂಪದಲ್ಲಿಯೇ ಇಡುತ್ತಿತ್ತು. ಇಎಕ್ಸ್‌ಟಿ4ರಲ್ಲಿ ಸಾಮಾನ್ಯವಾಗಿ ಇವೆರಡು ಬೇರೆ ಬೇರೆ ಹೆಸರುಗಳೇ. ಆದಕಾರಣ ಒಂದೇ ಕೋಶದಲ್ಲಿ ‘ಕೋಟೆ’ ಎಂಬ ಎರಡು ಕಡತಗಳು ಅಕ್ಕಪಕ್ಕದಲ್ಲಿ ಇರಬಲ್ಲವು. ಒಂದನ್ನು ಹೆಸರು ಹಿಡಿದು ಹುಡುಕಿದರೆ ಇನ್ನೊಂದು ಸಿಕ್ಕದೆಯೂ ಹೋಗಬಹುದು.

ಗ್ರಾಹಕನ ದೂರು ನ್ಯಾಯವೇ?

ಒಪ್ಪಂದಗಳು ಹಲವಾಗಿರುವುದೇ ದೋಷವೆನ್ನಲಾಗದು. ಸಣ್ಣ ಕ್ಯಾಮೆರಾಕ್ಕೆ ಸರಳ ಸೂಚಿ ಸಾಕು. ಬ್ಯಾಂಕಿನ ಗಣಕಕ್ಕೆ ವಿದ್ಯುತ್ತು ಹಠಾತ್ತನೆ ನಿಂತರೂ ಕೆಡದ ಸೂಚಿ ಬೇಕು. ತೊಂದರೆ ಹುಟ್ಟುವುದು ಒಪ್ಪಂದದ ವಿವರವನ್ನು ಇತರರಿಗೆ ತಿಳಿಸದೆ ಇಟ್ಟಾಗ. ದೊಡ್ಡ ಕಡತಗಳನ್ನು ಹಿಡಿಸುವ ಎಕ್ಸ್‌ಫ್ಯಾಟ್ 2006ರಲ್ಲಿಯೇ ಬಂದಿದ್ದರೂ ಮೈಕ್ರೋಸಾಫ್ಟ್ ಅದರ ಪೂರ್ಣ ವಿವರವನ್ನು ಎಲ್ಲರಿಗೂ ಪ್ರಕಟಿಸಿದ್ದು 2019ರ ಆಗಸ್ಟಿನಲ್ಲಿ. ಅದೇ ವರ್ಷದ ನವೆಂಬರಿನಲ್ಲಿ ಹೊರಬಂದ ಲಿನಕ್ಸ್ 5.4ರಲ್ಲಿ ಅದನ್ನು ಓದಿ ಬರೆಯುವ ಸೌಕರ್ಯ ಸೇರಿತು. ತಂತ್ರದ ಕಷ್ಟ ಅಷ್ಟಾಗಿ ಇರಲಿಲ್ಲ, ತಡೆದಿದ್ದುದು ಹಕ್ಕುಬಾಧ್ಯತೆಗಳ ಗೋಡೆ ಎಂಬುದು ಇದರಿಂದ ತಿಳಿಯುತ್ತದೆ.

ಎರಡನೆಯ ದೋಷ ಮಾತಿನದು. ‘ಈ ಡಿಸ್ಕಿನ ಸೂಚಿ ನನಗೆ ತಿಳಿಯದ ಬಗೆಯದು, ಇದರಲ್ಲಿ ನಿಮ್ಮ ಕಡತಗಳಿರಬಹುದು’ ಎಂದು ಹೇಳಬೇಕಾದ ಯಂತ್ರ ‘ಫಾರ್ಮ್ಯಾಟ್ ಮಾಡಬೇಕು’ ಎಂದು ಹೇಳುತ್ತದೆ. ತನಗೆ ಓದಲು ಬಾರದ್ದನ್ನು ಅದು ವಸ್ತುವಿನ ದೋಷವೆಂದು ತೋರಿಸುತ್ತದೆ. ಇಲ್ಲಿ ಗ್ರಾಹಕನ ದೂರು ಪೂರ್ಣ ನ್ಯಾಯವಾದುದು.

ನಾವು ಮಾಡಬೇಕಾದುದೇನು?

ಪರಿಚಯವಿಲ್ಲದ ಡಿಸ್ಕನ್ನು ಕಂಡು ಗಣಕವು ಫಾರ್ಮ್ಯಾಟ್ ಮಾಡಲೇ ಎಂದು ಕೇಳಿದರೆ ಮೊದಲು ‘ಬೇಡ’ ಎನ್ನಬೇಕು. ಡಿಸ್ಕನ್ನು ಸಿದ್ಧಗೊಳಿಸಿದ ಗಣಕಕ್ಕೇ ಕೊಂಡೊಯ್ದು, ಕಡತಗಳನ್ನು ಬೇರೆಡೆಗೆ ನಕಲು ಮಾಡಿಕೊಂಡು, ಆಮೇಲೆ ವ್ಯವಸ್ಥೆಯನ್ನು ಬದಲಾಯಿಸಬೇಕು. ಅಕಸ್ಮಾತ್ ಗುಂಡಿಯೊತ್ತಿದ್ದರೆ ಆ ಡಿಸ್ಕಿನ ಮೇಲೆ ಮುಂದೆ ಏನನ್ನೂ ಬರೆಯಬಾರದು. ಶೀಘ್ರ ಫಾರ್ಮ್ಯಾಟ್‌ನಲ್ಲಿ ಹೊಸ ಸೂಚಿಯನ್ನಷ್ಟೇ ಬರೆಯುವುದರಿಂದ ಹಳೆಯ ಖಂಡಗಳನ್ನು ಬಲ್ಲವರು ಮರಳಿ ಪಡೆಯಬಹುದಾದ ಸಂದರ್ಭಗಳುಂಟು. ಪೂರ್ಣ ಫಾರ್ಮ್ಯಾಟ್‌ನಲ್ಲಿ, ವಿಂಡೋಸ್ ವಿಸ್ತಾದಿಂದ ಈಚೆಗೆ, ಡಿಸ್ಕಿನ ತುಂಬ ಸೊನ್ನೆಗಳನ್ನು ಬರೆಯುತ್ತಾರೆ, ಆಮೇಲೆ ಆಸೆಯಿಲ್ಲ.

ವಿಂಡೋಸ್, ಮ್ಯಾಕ್ ಮತ್ತು ಈಚಿನ ಲಿನಕ್ಸ್ ಮೂರರಲ್ಲಿಯೂ ಸಾಗಬೇಕಾದ ಪೆನ್‌ಡ್ರೈವಿಗೆ ಎಕ್ಸ್‌ಫ್ಯಾಟ್ ಯೋಗ್ಯ. ಮ್ಯಾಕ್ ಗಣಕವು ಎನ್‌ಟಿಎಫ್‌ಎಸ್ ಡಿಸ್ಕನ್ನು ಓದುತ್ತದೆಯೇ ಹೊರತು ಬೇರೆ ತಂತ್ರಾಂಶದ ನೆರವಿಲ್ಲದೆ ಅದರ ಮೇಲೆ ಬರೆಯದು. ಕನ್ನಡದಲ್ಲಿ ಹೆಸರಿಡುವವರು ಹೆಸರನ್ನು ಚಿಕ್ಕದಾಗಿಡುವುದು ಲೇಸು. ಯಾವ ವ್ಯವಸ್ಥೆಯಾದರೂ ಸರಿಯೆ, ಬೆಲೆಯುಳ್ಳ ಕಡತದ ಇನ್ನೊಂದು ಪ್ರತಿ ಬೇರೊಂದು ಡಿಸ್ಕಿನ ಮೇಲೆ ಇರಲೇಬೇಕು.

ವಿದ್ಯಾರ್ಥಿಗಳಿಗೆ ಅಭ್ಯಾಸ

1. ಕಡತದ ಉದ್ದವನ್ನು ಬರೆಯಲು 16 ಬಿಟ್‌ಗಳು ಮಾತ್ರ ಇದ್ದರೆ ಅತ್ಯಂತ ದೊಡ್ಡ ಕಡತ ಎಷ್ಟು ಬೈಟ್‌ಗಳದು?
2. ನಿಮ್ಮ ಊರಿನ ಹೆಸರಿನಲ್ಲಿ ಎಷ್ಟು ಯುನಿಕೋಡ್ ಸಂಕೇತಗಳಿವೆ? ಯುಟಿಎಫ್-8ರಲ್ಲಿ ಅದಕ್ಕೆ ಎಷ್ಟು ಬೈಟ್‌ಗಳು ಬೇಕು? ಒತ್ತಕ್ಷರವಿದ್ದರೆ ನಡುವೆ ಬರುವ ವಿರಾಮಚಿಹ್ನೆಯಾದ ಹಲಂತವನ್ನೂ ಒಂದು ಸಂಕೇತವೆಂದು ಎಣಿಸಲು ಮರೆಯಬೇಡಿ.
3. ನಿಮ್ಮ ಬಳಿಯಿರುವ ಪೆನ್‌ಡ್ರೈವಿನಲ್ಲಿ ಯಾವ ಕಡತ ವ್ಯವಸ್ಥೆಯಿದೆ ಎಂಬುದನ್ನು ಗಣಕದಲ್ಲಿ ಅದರ ಗುಣಲಕ್ಷಣಗಳ ಪಟ್ಟಿಯನ್ನು ತೆರೆದು ನೋಡಿರಿ. 5 ಗಿಗಾಬೈಟ್‌ಗಳ ಕಡತವನ್ನು ಅದು ಹಿಡಿಸೀತೇ ಎಂಬುದನ್ನು ನಕಲು ಮಾಡದೆಯೇ ಹೇಳಿರಿ.