ಕಥೆಗಳಲ್ಲಿ ಸಜ್ಜನರು ನೀರಸರಾಗಿ ತೋರುವದೇಕೆ?

ನಾರ್ನಿಯ ಎಂಬ ಕಲ್ಪಿತ ರಾಜ್ಯದ ಮೊದಲನೆಯ ಕಥೆಯನ್ನು ತರಗತಿಯಲ್ಲಿ ಓದಿ ಮುಗಿಸಿ, ಅದರಲ್ಲಿ ಬರುವ ನಾಲ್ವರು ಮಕ್ಕಳಲ್ಲಿ ನಿಮ್ಮ ಮನಸ್ಸಿನಲ್ಲಿ ನಿಂತವರು ಯಾರೆಂದು ನಾವು ಕೇಳಿದರೆ, ಬಹುಮಂದಿ ವಿದ್ಯಾರ್ಥಿನಿಯರು ಎಡ್ಮಂಡನ ಹೆಸರನ್ನೇ ಹೇಳುವರು. ಈ ಎಡ್ಮಂಡನಾದರೋ ಸುಳ್ಳುಗಾರನು. ಬಿಳಿಯ ಮಾಟಗಾತಿಯು ಕೊಟ್ಟ ಟರ್ಕಿಶ್ ಡಿಲೈಟ್ ಎಂಬ ಮಿಠಾಯಿಯ ಆಶೆಗೆ ತನ್ನ ಒಡಹುಟ್ಟಿದವರಿಗೇ ದ್ರೋಹಬಗೆದವನು. ಧೀರನೂ ಸತ್ಯವಂತನೂ ಆದ ಹಿರಿಯಣ್ಣ ಪೀಟರನ ಹೆಸರನ್ನು ಯಾರೂ ಎತ್ತುವದಿಲ್ಲ. ಹೀಗೆ ಉತ್ತರಕೊಟ್ಟ ಹುಡುಗಿಯರು, ತಾವೇ ಏನೋ ತಪ್ಪುಮಾಡಿದವರಂತೆ ತಲೆತಗ್ಗಿಸುವದನ್ನು ನಾವು ಕಂಡಿದ್ದೇವೆ. ಸದ್ಗುಣವನ್ನು ಕಲಿಸುವ ಶಾಲೆಯಲ್ಲಿ ಸದ್ಗುಣಿಗಳು ಬೇಸರ ತರುವರೆಂದು ಹೇಳಬಹುದೇ ಎಂಬ ಅಂಜಿಕೆ ಅವರಿಗೆ. ಧಾರಾಳವಾಗಿ ಹೇಳಬಹುದು. ಆದರೆ ಕಾರಣವನ್ನು ವಿಚಾರಿಸದೆ ಬಿಡಬಾರದು. ಯಾಕಂದರೆ ಒಳ್ಳೆಯತನವೇ ನೀರಸವೆಂದು ಒಬ್ಬ ಹುಡುಗಿಯು ಮನಸ್ಸಿನಲ್ಲಿ ನಂಬಿಬಿಟ್ಟರೆ, ಆ ಮೇಲೆ ನಾವು ಮಾಡುವ ಉಪದೇಶವೆಲ್ಲವೂ ವ್ಯರ್ಥವಾದೀತು.

ಈ ಪ್ರಶ್ನೆಯು ಹೊಸದಲ್ಲ. ಮಿಲ್ಟನ್ ಕವಿಯು 1667ರಲ್ಲಿ ಪ್ರಕಟಿಸಿದ ‘ಪ್ಯಾರಡೈಸ್ ಲಾಸ್ಟ್’ ಮಹಾಕಾವ್ಯದಲ್ಲಿ ಸೈತಾನನ ಮಾತುಗಳಿಗಿರುವ ಕಸುವು ಪರಲೋಕದವರ ಮಾತುಗಳಿಗಿಲ್ಲವೆಂದು ಅನೇಕರು ಆಕ್ಷೇಪಿಸಿದ್ದಾರೆ. ಮಿಲ್ಟನನು ತನಗರಿಯದಂತೆಯೇ ಸೈತಾನನ ಪಕ್ಷದವನಾಗಿದ್ದನೆಂದು ಬ್ಲೇಕ್ ಕವಿಯು ಹೇಳುವಷ್ಟರ ಮಟ್ಟಿಗೆ ಹೋದನು. ಇದಕ್ಕೆ ಉತ್ತರಕೊಟ್ಟವರಲ್ಲಿ ನಾರ್ನಿಯದ ಕಥೆಗಳನ್ನು ಬರೆದ ಸಿ. ಎಸ್. ಲೂಯಿಸನೇ ಒಬ್ಬನು. ಆ ಕಥೆಗಳನ್ನು ಪ್ರಕಟಿಸುವದಕ್ಕೆ ಮೊದಲೇ, 1942ರಲ್ಲಿ, ಮಿಲ್ಟನನ ಕಾವ್ಯದ ಮೇಲೆ ಬರೆದ ಗ್ರಂಥದಲ್ಲಿ ಅವನು ಹೇಳಿದ್ದರ ಸಾರವಿದು: ನಮಗಿಂತ ಕೆಟ್ಟವನನ್ನು ಚಿತ್ರಿಸುವದು ಸುಲಭ, ನಮ್ಮೊಳಗೆ ಕಟ್ಟಿಹಾಕಿರುವ ದುರಾಶೆಗಳ ಹಗ್ಗವನ್ನು ಬಿಚ್ಚಿಬಿಟ್ಟರೆ ಸಾಕು. ನಮಗಿಂತ ಉತ್ತಮನನ್ನು ಚಿತ್ರಿಸಬೇಕಾದರೆ, ನಮ್ಮಲ್ಲಿ ಕ್ಷಣಮಾತ್ರ ತೋರಿ ಮರೆಯಾಗುವ ಸದ್ಗುಣವು ಒಂದು ಜೀವಮಾನವೆಲ್ಲ ನೆಲೆನಿಂತರೆ ಹೇಗಿರುವದೋ ಅದನ್ನು ಊಹಿಸಬೇಕು. ನಮ್ಮಲ್ಲಿ ಇಲ್ಲವೇ ಇಲ್ಲದ ಗುಣವನ್ನಂತೂ ಹೊರಗಿನಿಂದಲೇ ಬಣ್ಣಿಸಬೇಕು. ಅದೇ ವರ್ಷ ಅವನು ಒಬ್ಬ ಮುದಿಪಿಶಾಚಿಯ ಕಾಗದಗಳೆಂಬಂತೆ ಒಂದು ಪುಸ್ತಕವನ್ನು ಹೊರತಂದನು. ದೇವದೂತನ ಕಾಗದಗಳನ್ನೂ ಬರೆದು ಅದಕ್ಕೆ ಸರಿದೂಗಿಸುವ ಕೆಲಸವಾದರೋ ತನ್ನಿಂದಾಗದೆಂದು ಮುಂದೆ ಒಪ್ಪಿಕೊಂಡನು.

ಈ ಉತ್ತರವು ನಿಜವಾದರೂ ಅರ್ಧ ಉತ್ತರವೆಂದೇ ನಮಗೆ ತೋರುತ್ತದೆ. ಅನೇಕ ಕಥೆಗಾರರು ತಮ್ಮ ಸಜ್ಜನರ ಗುಣಗಳ ಪಟ್ಟಿಯನ್ನು ಕೊಡುವರೇ ಹೊರತು, ಆ ಗುಣಕ್ಕಾಗಿ ಅವರು ತೆತ್ತ ಬೆಲೆಯನ್ನು ಕಾಣಿಸುವದಿಲ್ಲ. ಶಾಲೆ ಬಿಡುವವರಿಗೆ ನಾವು ಬರೆದುಕೊಡುವ ನಡತೆಯ ಪತ್ರವೂ ಅಂಥದೇ. ಅದನ್ನೋದಿ ಯಾವ ಹುಡುಗಿಯ ಮುಖವನ್ನೂ ಗುರುತಿಸಲಾಗದು! ಪೀಟರನನ್ನೇ ನೋಡಿರಿ. ಅವನು ಜೀವಂತನಾಗಿ ಕಾಣುವದು ಮುಖ್ಯವಾಗಿ ಎರಡೇ ಸ್ಥಳಗಳಲ್ಲಿ: ತೋಳದೆದುರು ಕತ್ತಿ ಹಿಡಿದು ಹೋಗುವಾಗ ಅವನಿಗೆ ಧೈರ್ಯವೇ ಬಾರದೆ ಹೊಟ್ಟೆ ತೊಳಸುವಂತಾಗುತ್ತದೆ, ತಮ್ಮನ ದ್ರೋಹದ ಮಾತು ಬಂದಾಗ, ತನ್ನ ಕೋಪವೂ ಅವನು ದಾರಿತಪ್ಪುವದಕ್ಕೆ ಸಹಾಯವಾಯಿತೆಂದು ಸಿಂಹರೂಪಿಯಾದ ಆಸ್ಲಾನನ ಮುಂದೆ ಒಪ್ಪಿಕೊಳ್ಳುತ್ತಾನೆ. ‘ಯಾತ್ರಿಕನ ಸಂಚಾರ’ದ ಕ್ರೈಸ್ತನೂ ಕೆಸರಿನಲ್ಲಿ ಬಿದ್ದು, ದಾರಿತಪ್ಪಿ, ಕಟ್ಟಕಡೆಯ ನದಿಯಲ್ಲಿಯೂ ಮುಳುಗುವಂತಾದದರಿಂದಲೇ ನಮ್ಮವನಾಗಿದ್ದಾನೆ.

ಆದರೆ ಬೀಳುವವರೇ ರಸವತ್ತಾದವರೆಂದು ಇದರಿಂದ ತಿಳಿಯಬಾರದು. ನಾಲ್ವರಲ್ಲಿ ಕಿರಿಯಳಾದ ಲೂಸಿಯು ಸಜ್ಜನಳೇ, ಆದರೂ ನೀರಸಳಲ್ಲ. 1952ರಲ್ಲಿ ಪ್ರಕಟವಾದ ಸಮುದ್ರಯಾನದ ಕಥೆಯಲ್ಲಿ, ಇತರರ ಹಿತಕ್ಕಾಗಿ ಅವಳು ಒಬ್ಬಳೇ ಮಾಂತ್ರಿಕನ ಮನೆಯನ್ನು ಹೊಕ್ಕು ಅವನ ಗ್ರಂಥವನ್ನು ತೆರೆಯುತ್ತಾಳೆ. ಮನುಷ್ಯಮಾತ್ರರಿಗಿಲ್ಲದ ಚೆಲುವನ್ನು ಕೊಡುವ ಮಂತ್ರವು ಅಲ್ಲಿ ಕಾಣುತ್ತದೆ. ಅಕ್ಕ ಸೂಸನಳೇ ಚೆಲುವೆಯೆಂದು ಹೊಗಳಿಸಿಕೊಳ್ಳುವಳಾದದರಿಂದ ಅದನ್ನು ಪಠಿಸಿಯೇ ತೀರಬೇಕೆಂದಿರುವಾಗ, ಪುಟದಲ್ಲಿ ಆಸ್ಲಾನನ ಮುಖವು ಗುಡುಗುತ್ತಿರುವಂತೆ ಕಂಡು, ಅಂಜಿ ಹಾಳೆಯನ್ನು ಮಗುಚುತ್ತಾಳೆ. ಇಷ್ಟಕ್ಕೇ ನಿಂತಿದ್ದರೆ ಇದೊಂದು ನೀತಿಪಾಠವಾಗುತ್ತಿತ್ತು. ಮುಂದೆ ಗೆಳತಿಯರು ತನ್ನ ವಿಷಯ ಏನೆನ್ನುವರೆಂದು ತಿಳಿಸುವ ಮಂತ್ರ ಬರುತ್ತದೆ. ದೊಡ್ಡ ಶೋಧನೆಯಿಂದ ತಪ್ಪಿಸಿಕೊಂಡವಳು ಈ ಚಿಕ್ಕದನ್ನು ಅವಸರದಿಂದ ಪಠಿಸಿಬಿಡುತ್ತಾಳೆ! ರೈಲಿನಲ್ಲಿ ಕುಳಿತ ಗೆಳತಿಯೊಬ್ಬಳು, ಲೂಸಿಯಿಂದ ತನಗೆ ಬೇಸರವಾಗಿತ್ತೆಂದು ದೊಡ್ಡ ಹುಡುಗಿಯೊಬ್ಬಳಿಗೆ ಹೇಳುವದು ಅವಳ ಕಿವಿಗೆ ಬೀಳುತ್ತದೆ.

ಆ ಗೆಳತಿಗೆ ನಿನ್ನಲ್ಲಿ ಪ್ರೀತಿಯುಂಟು, ದೊಡ್ಡವಳಿಗೆ ಹೆದರಿ ಮನಸ್ಸಿನಲ್ಲಿಲ್ಲದ್ದನ್ನು ಆಡಿದಳು ಎಂದು ಆಸ್ಲಾನನು ಆ ಮೇಲೆ ತಿಳಿಸುತ್ತಾನೆ. ಕೇಳಿದ ಮಾತನ್ನು ತಾನಿನ್ನು ಮರೆಯಲಾರೆನೇನೋ ಎಂದು ಲೂಸಿಯು ಅನ್ನುತ್ತಾಳೆ. ಮರೆಯಲಾರೆ ಎಂದೇ ಅವನ ಉತ್ತರ. ಇಲ್ಲಿಗೆ ಬಂದಾಗ ತರಗತಿಯು ನಿಶ್ಶಬ್ದವಾಗುವದು; ಎಡ್ಮಂಡನ ಹೆಸರನ್ನು ಹೇಳಿದವರೂ ಪಕ್ಕದಲ್ಲಿ ಕೂತ ಗೆಳತಿಯ ಕಡೆಗೆ ಮೆಲ್ಲನೆ ನೋಡುವರು.